ಆ ರಾತ್ರಿಯ ಲೆಕ್ಕ ಕೇಳಿ: ವಿಮಾನ ರದ್ದಾದಾಗ ದೂರು ಬರೆಯುವ ಬಗೆ

ನಮಸ್ಕಾರ. ಗೇಟಿನ ಎದುರಿನ ಫಲಕದಲ್ಲಿ ನಮ್ಮ ವಿಮಾನದ ಸಂಖ್ಯೆಯ ಪಕ್ಕ ‘ರದ್ದು’ ಎಂಬ ಪದ ಮೂಡಿದಾಗ ರಾತ್ರಿ 9 ಗಂಟೆ 20 ನಿಮಿಷ. ಅದರ ಫೋಟೊ ತೆಗೆದಿದ್ದರಿಂದ ನಿಮಿಷ ಸಹಿತ ಹೇಳಬಲ್ಲೆ. ಮೊಬೈಲಿಗೆ ಕಂಪನಿಯ ಸಂದೇಶ ಬಂದದ್ದು 10 ಗಂಟೆಗೆ. ಅಷ್ಟರಲ್ಲಿ ಕೌಂಟರಿನ ಮುಂದೆ ನೂರಕ್ಕೂ ಹೆಚ್ಚು ಜನ ಸೇರಿದ್ದರು, ಕೌಂಟರಿನ ಹಿಂದೆ ಒಬ್ಬರೇ ಸಿಬ್ಬಂದಿ. ಗೋಡೆಯ ಬದಿಯಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಕುರ್ಚಿ ತಳ್ಳಿಕೊಂಡು ಬಂದಾತ ಅವರನ್ನು ಅಲ್ಲೇ ಬಿಟ್ಟು ಹೋಗಿದ್ದ. ಅವರ ಮಾತ್ರೆಗಳು ಚೆಕ್‌ಇನ್ ಮಾಡಿದ ಚೀಲದಲ್ಲಿದ್ದವು. ಆ ಚೀಲ ಎಲ್ಲಿ ಸಿಗುತ್ತದೆ ಎಂದು ಅವರು ಹೋಗುವವರನ್ನೂ ಬರುವವರನ್ನೂ ಕೇಳುತ್ತಲೇ ಇದ್ದರು. ಚೀಲ ಅವರ ಕೈ ಸೇರಿದಾಗ ರಾತ್ರಿ ಒಂದೂವರೆ.

ಮನೆಗೆ ಬಂದವನೇ ಆ ಕಂಪನಿಗೆ ಎರಡು ಪುಟ ಬರೆದೆ. ಕೋಪ, ದಣಿವು, ಅಜ್ಜಿಯ ಪಾಡು ಎಲ್ಲವೂ ಅದರಲ್ಲಿತ್ತು. ನಾಲ್ಕನೆಯ ದಿನ ಉತ್ತರ ಬಂತು. ಪ್ರತಿಕೂಲ ಹವಾಮಾನದಿಂದ ವಿಮಾನ ರದ್ದಾಯಿತು, ಅದು ನಮ್ಮ ನಿಯಂತ್ರಣ ಮೀರಿದ ಕಾರಣ, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ಇಷ್ಟೇ. ಮೋಡ, ಗಾಳಿಯ ಬಗ್ಗೆ ನಾನು ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಆದರೆ ನನ್ನ ಪತ್ರದ ಮೊದಲ ಸಾಲು ‘ನಿಮ್ಮ ವಿಮಾನ ರದ್ದಾಗಿ ನನಗೆ ತುಂಬಾ ತೊಂದರೆಯಾಯಿತು’ ಎಂದಿತ್ತು. ಅವರು ಆ ಒಂದು ಸಾಲಿಗೆ ಉತ್ತರ ಕೊಟ್ಟು ಕಡತ ಮುಚ್ಚಿದರು.

ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ವಿಮಾನ ರದ್ದಾಗುವುದು ಒಂದು ಸಂಗತಿ. ರದ್ದಾದ ಮೇಲೆ ಪ್ರಯಾಣಿಕರನ್ನು ಹೇಗೆ ನೋಡಿಕೊಂಡರು ಎಂಬುದು ಬೇರೆಯೇ ಸಂಗತಿ. ಮೊದಲನೆಯದಕ್ಕೆ ಕಂಪನಿಯ ಬಳಿ ಹಲವು ಬಾರಿ ನ್ಯಾಯವಾದ ಕಾರಣವಿರುತ್ತದೆ. ಎರಡನೆಯದಕ್ಕೆ ಬಹುತೇಕ ಇರುವುದಿಲ್ಲ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟರೆ ಅವರು ತಮಗೆ ಅನುಕೂಲವಾದುದನ್ನು ಮಾತ್ರ ಬಿಚ್ಚುತ್ತಾರೆ.

ಇದು ಕಾನೂನಿನಲ್ಲೂ ಇರುವ ವ್ಯತ್ಯಾಸ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯೊಂದು ಬೂದಿ ಉಗುಳಿ ಯುರೋಪಿನ ಆಕಾಶವೇ ಮುಚ್ಚಿಹೋಗಿತ್ತು. ಪೋರ್ಚುಗಲ್‌ನ ಫಾರೊದಿಂದ ಡಬ್ಲಿನ್‌ಗೆ 98 ಯೂರೊ ಕೊಟ್ಟು ರಯಾನ್‌ಏರ್ ಟಿಕೆಟ್ ಕೊಂಡಿದ್ದ ಒಬ್ಬ ಮಹಿಳೆ ಒಂದು ವಾರ ಅಲ್ಲೇ ಸಿಕ್ಕಿಕೊಂಡರು. ಊಟ, ವಸತಿ, ಓಡಾಟಕ್ಕೆ ಸುಮಾರು 1,130 ಯೂರೊ ಖರ್ಚಾಯಿತು. ಅವರು ಆ ಹಣ ಕೇಳಿದರು. ಜ್ವಾಲಾಮುಖಿಗಿಂತ ದೊಡ್ಡ ‘ನಿಯಂತ್ರಣ ಮೀರಿದ ಕಾರಣ’ ಇನ್ನೇನಿದೆ? ಆದರೂ 2013ರ ಜನವರಿ 31ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದು ಸ್ಪಷ್ಟವಾಗಿತ್ತು: ಕಾರಣ ಎಷ್ಟೇ ಅಸಾಧಾರಣವಾಗಿದ್ದರೂ ಪ್ರಯಾಣಿಕರನ್ನು ನೋಡಿಕೊಳ್ಳುವ ಹೊಣೆ ತಪ್ಪುವುದಿಲ್ಲ. ಅಗತ್ಯವಾದ, ಸಮಂಜಸವಾದ ಖರ್ಚನ್ನು ಕಂಪನಿ ಕೊಡಲೇಬೇಕು. ಟಿಕೆಟ್ ಬೆಲೆ 98 ಯೂರೊ ಎಂಬುದು ಆ ಹೊಣೆಗೆ ಮಿತಿಯಾಗಲಿಲ್ಲ.

ಇನ್ನೊಂದು ನಿದರ್ಶನ ಅಮೆರಿಕದ್ದು. 2022ರ ಡಿಸೆಂಬರ್‌ನಲ್ಲಿ ಹಿಮಬಿರುಗಾಳಿ ಬೀಸಿತು. ಉಳಿದ ಕಂಪನಿಗಳು ಚೇತರಿಸಿಕೊಂಡವು, ಸೌತ್‌ವೆಸ್ಟ್ ಮಾತ್ರ ಕುಸಿಯಿತು. ಸುಮಾರು 17,000 ಹಾರಾಟಗಳು ರದ್ದಾದವು. ಒಂದು ವರ್ಷದ ನಂತರ ಅಲ್ಲಿನ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ವಿಧಿಸಿತು. ಯಾವುದಕ್ಕೆ ಎಂಬುದನ್ನು ಗಮನಿಸಿ. ಪ್ರಯಾಣಿಕರಿಗೆ ಸರಿಯಾದ ನೆರವು ಕೊಡಲಿಲ್ಲ, ವಿಮಾನದ ಸ್ಥಿತಿಗತಿಯನ್ನು ತಕ್ಷಣ ತಿಳಿಸಲಿಲ್ಲ, ಹಣವನ್ನು ಸಕಾಲದಲ್ಲಿ ಹಿಂದಿರುಗಿಸಲಿಲ್ಲ. ಬಿರುಗಾಳಿಯ ತಪ್ಪನ್ನು ಯಾರೂ ಕಂಪನಿಯ ತಲೆಗೆ ಕಟ್ಟಿರಲಿಲ್ಲ.

ಹಾಗಾಗಿ ದೂರು ಬರೆಯುವ ಮೊದಲು ನಿಮಗೆ ಬರಬೇಕಾದದ್ದು ಏನೇನು ಎಂದು ಬಿಡಿಸಿಕೊಳ್ಳಿ. ಟಿಕೆಟ್ ಹಣ ವಾಪಸ್ ಅಥವಾ ಬದಲಿ ವಿಮಾನ ಒಂದು. ಕಾಯುವಾಗಿನ ಆರೈಕೆ, ಅಂದರೆ ಊಟ, ವಸತಿ, ವಸತಿಗೆ ಹೋಗಿಬರುವ ವ್ಯವಸ್ಥೆ ಇನ್ನೊಂದು. ನಿಮ್ಮ ಸಮಯ ಹಾಳಾದದ್ದಕ್ಕೆ ಪರಿಹಾರ ಮೂರನೆಯದು. ಹವಾಮಾನದ ನೆಪ ಮುಖ್ಯವಾಗಿ ಅನ್ವಯವಾಗುವುದು ಮೂರನೆಯದಕ್ಕೆ. ‘ಹವಾಮಾನದ ಕಾರಣ ಏನನ್ನೂ ಕೊಡಲಾಗದು’ ಎಂಬ ಉತ್ತರ ಬಂದರೆ ಅಲ್ಲಿ ‘ಏನನ್ನೂ’ ಎಂಬ ಪದವೇ ಹೆಚ್ಚಿನ ಪಾಲು ತಪ್ಪಾಗಿರುತ್ತದೆ.

ಯಾವ ನಿಯಮ ಅನ್ವಯಿಸುತ್ತದೆ ಎಂಬುದು ನೀವು ಯಾವ ದೇಶದವರು ಎಂಬುದಕ್ಕಿಂತ ವಿಮಾನ ಎಲ್ಲಿಂದ ಹೊರಡಬೇಕಿತ್ತು, ಎಲ್ಲಿಗೆ ಹೋಗುತ್ತಿತ್ತು, ಯಾವ ಕಂಪನಿಯದು ಎಂಬುದರ ಮೇಲೆ ನಿಂತಿರುತ್ತದೆ. ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ ಅಲ್ಲಿನ 2004ರ 261ನೇ ನಿಯಮ ಅನ್ವಯವಾಗುತ್ತದೆ. ಆ ನಿಯಮದಲ್ಲಿ ದೂರಕ್ಕೆ ತಕ್ಕಂತೆ 250, 400 ಅಥವಾ 600 ಯೂರೊ ಪರಿಹಾರವಿದೆ. ಎರಡು ವಾರ ಮುಂಚೆಯೇ ರದ್ದತಿ ತಿಳಿಸಿದ್ದರೆ ಆ ಪರಿಹಾರವಿಲ್ಲ. ಕೆನಡಾದಲ್ಲಿ ರದ್ದತಿ ಕಂಪನಿಯ ಕೈಯಲ್ಲಿದ್ದ, ಸುರಕ್ಷತೆಗೆ ಸಂಬಂಧಿಸದ ಕಾರಣಕ್ಕೆ ಆಗಿದ್ದರೆ, ದೊಡ್ಡ ಕಂಪನಿಗಳು ನೀವು ಎಷ್ಟು ತಡವಾಗಿ ತಲುಪಿದಿರಿ ಎಂಬುದನ್ನು ನೋಡಿ 400ರಿಂದ 1,000 ಕೆನಡಾ ಡಾಲರ್‌ವರೆಗೆ ಕೊಡಬೇಕು. ಭಾರತದಲ್ಲಿ ವಾಯುಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮದಂತೆ ಸರಿಯಾಗಿ ಮುಂಚಿತವಾಗಿ ತಿಳಿಸದೆ ರದ್ದುಮಾಡಿದರೆ, ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಅಮೆರಿಕದಲ್ಲಿ ಇಂಥ ನಗದು ಪರಿಹಾರದ ನಿಯಮವಿಲ್ಲ. ಆದರೆ ರದ್ದಾದ ವಿಮಾನಕ್ಕೆ ಬದಲಾಗಿ ಅವರು ಕೊಟ್ಟದ್ದನ್ನು ನೀವು ಒಪ್ಪದಿದ್ದರೆ, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಹಣ ಏಳು ಕೆಲಸದ ದಿನಗಳಲ್ಲಿ ಹಿಂದಿರುಗಬೇಕು. ಕಾರಣ ಹವಾಮಾನವೇ ಆಗಿದ್ದರೂ ಸರಿ.

ಭಾರತದ ನಿಯಮದಲ್ಲಿ ಹಲವರ ಕಣ್ಣು ತಪ್ಪಿಸುವ ಒಂದು ಮಾತಿದೆ. ಟಿಕೆಟ್ ಮಾಡುವಾಗ ನಿಮ್ಮನ್ನು ಸಂಪರ್ಕಿಸುವ ವಿವರವನ್ನು ಸರಿಯಾಗಿ ಕೊಟ್ಟಿರದಿದ್ದರೆ ಪರಿಹಾರವಿಲ್ಲ. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದಾಗ ಎಷ್ಟೋ ಸಲ ಅಲ್ಲಿ ಏಜೆಂಟರ ನಂಬರೇ ಇರುತ್ತದೆ. ನಿಮ್ಮ ನಂಬರನ್ನೇ ಹಾಕಿಸಿ.

ಇನ್ನು ದೂರು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ. ಗೇಟಿನ ಮುಂದೆಯೇ ಶುರುವಾಗುತ್ತದೆ. ಫಲಕದ ಫೋಟೊ, ಸಂದೇಶ ಬಂದ ಹೊತ್ತಿನ ಸ್ಕ್ರೀನ್‌ಶಾಟ್, ಬೋರ್ಡಿಂಗ್ ಪಾಸ್, ಕುಡಿದ ನೀರಿನಿಂದ ಹಿಡಿದು ಪ್ರತಿಯೊಂದರ ರಸೀದಿ. ರಸೀದಿಯಲ್ಲಿ ಮದ್ಯ ಇರದಿರಲಿ, ದುಬಾರಿ ಹೋಟೆಲ್ ಇರದಿರಲಿ, ಏಕೆಂದರೆ ನ್ಯಾಯಾಲಯ ಹೇಳಿದ ‘ಸಮಂಜಸ’ ಎಂಬ ಪದದ ಮೇಲೆಯೇ ಅವರು ಕೈಯಿಡುತ್ತಾರೆ. ಕೌಂಟರಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ರದ್ದತಿಗೆ ಕಾರಣವೇನು, ಬರೆದುಕೊಡಿ. ಬರೆದುಕೊಡಲು ಒಪ್ಪದಿದ್ದರೆ ಅಲ್ಲೇ ನಿಂತು ಕಂಪನಿಯ ಇಮೇಲ್ ವಿಳಾಸಕ್ಕೆ ಎರಡು ಸಾಲು ಕಳಿಸಿ. ‘ಇಂಥ ಹೊತ್ತಿಗೆ ಇಂಥ ಕೌಂಟರಿನಲ್ಲಿ ಕಾರಣ, ವಸತಿ, ಬದಲಿ ವಿಮಾನ ಕೇಳಿದೆ, ಸಿಗಲಿಲ್ಲ’ ಎಂದರೆ ಸಾಕು. ಮರುದಿನ ನೆನಪಿನಿಂದ ಬರೆದ ನಾಲ್ಕು ಪುಟಕ್ಕಿಂತ ಆ ಹೊತ್ತಿನಲ್ಲೇ ಹೊರಟ ಆ ಎರಡು ಸಾಲಿಗೆ ತೂಕ ಹೆಚ್ಚು.

ಕೌಂಟರಿನ ಹಿಂದೆ ನಿಂತವರ ಮೇಲೆ ದಯವಿಟ್ಟು ಕೂಗಾಡಬೇಡಿ. ನೂರು ಜನರ ಮುಂದೆ ಒಬ್ಬರನ್ನೇ ನಿಲ್ಲಿಸಿದ ತೀರ್ಮಾನ ಅವರದಲ್ಲ. ಅಂದು ನಮ್ಮ ಸಾಲಿನಲ್ಲಿ ಒಬ್ಬರು ಕೌಂಟರಿನಲ್ಲಿದ್ದ ಆಕೆ ಅಳುವಂತೆ ಮಾಡಿದರು. ನನಗೆ ಇಂದಿಗೂ ಅದು ಚುಚ್ಚುತ್ತದೆ. ಅದರಿಂದ ಯಾರಿಗೂ ಒಂದು ಕೋಣೆಯೂ ಸಿಗಲಿಲ್ಲ.

ಆ ಗಲಾಟೆಯ ನಡುವೆ ಹಲವರು ಮಾಡುವ ಒಂದು ತಪ್ಪಿನಿಂದ ದೊಡ್ಡ ನಷ್ಟವಾಗುತ್ತದೆ. ವಿಮಾನ ತಡವಾಗುತ್ತಲೇ ಇದೆ, ರದ್ದಾಗುವುದು ಖಚಿತ ಎನಿಸುತ್ತದೆ, ತಾಳ್ಮೆ ಕೆಟ್ಟು ಆ್ಯಪ್‌ನಲ್ಲಿ ನಾವೇ ಟಿಕೆಟ್ ರದ್ದುಮಾಡಿಬಿಡುತ್ತೇವೆ. ಆಗ ದಾಖಲೆಯಲ್ಲಿ ಉಳಿಯುವುದು ‘ಪ್ರಯಾಣಿಕರೇ ರದ್ದುಮಾಡಿದರು’ ಎಂದು. ಆಮೇಲೆ ರದ್ದತಿ ಶುಲ್ಕ ಕಳೆದು ಉಳಿದದ್ದನ್ನು ಕೊಡುತ್ತಾರೆ, ಪರಿಹಾರದ ಮಾತೇ ಇಲ್ಲ. ಕಂಪನಿ ರದ್ದೆಂದು ಪ್ರಕಟಿಸುವವರೆಗೆ ಆ ಗುಂಡಿ ಮುಟ್ಟಬೇಡಿ. ನಗದಿನ ಬದಲು ಕಂಪನಿ ಕೊಡುವ ವೋಚರ್ ವಿಷಯವೂ ಹಾಗೆಯೇ. ‘ಒಪ್ಪಿಗೆ’ ಎಂದು ಒತ್ತಿದರೆ ನಗದು ಕೇಳುವ ಹಕ್ಕನ್ನು ಬಹುಪಾಲು ನೀವೇ ಬಿಟ್ಟುಕೊಟ್ಟಂತೆ. ಅದೇ ಕಂಪನಿಯಲ್ಲಿ ಆರು ತಿಂಗಳೊಳಗೆ ಮತ್ತೆ ಹೋಗುವುದು ಖಚಿತವಿದ್ದರೆ, ಮೊತ್ತವೂ ಹೆಚ್ಚಿದ್ದರೆ ತೆಗೆದುಕೊಳ್ಳಿ, ತಪ್ಪಿಲ್ಲ. ನಾನಂತೂ ತೆಗೆದುಕೊಳ್ಳುವುದಿಲ್ಲ.

ಈಗ ಪತ್ರ. ನನ್ನ ಎರಡನೆಯ ಪತ್ರ ಅರ್ಧ ಪುಟವೂ ಇರಲಿಲ್ಲ. ಮೇಲೆ ವಿಮಾನ ಸಂಖ್ಯೆ, ದಿನಾಂಕ, ಪಿಎನ್‌ಆರ್. ಕೆಳಗೆ ಇಷ್ಟು:

‘ವಿಮಾನ ರದ್ದಾಗಿದೆಯೆಂದು ಫಲಕ ತೋರಿಸಿದ್ದು ರಾತ್ರಿ 9.20ಕ್ಕೆ. ನನಗೆ ಸಂದೇಶ ಬಂದದ್ದು 10 ಗಂಟೆಗೆ. ರದ್ದತಿಗೆ ಹವಾಮಾನವೇ ಕಾರಣ ಎಂಬ ನಿಮ್ಮ ಹೇಳಿಕೆಯನ್ನು ಈ ಪತ್ರದ ಮಟ್ಟಿಗೆ ನಾನು ಪ್ರಶ್ನಿಸುತ್ತಿಲ್ಲ. ಊಟ, ವಸತಿ, ಬದಲಿ ವಿಮಾನ ಮೂರನ್ನೂ ಕೌಂಟರಿನಲ್ಲಿ ಕೇಳಿದೆ, ಮೂರೂ ಸಿಗಲಿಲ್ಲ. ನಾನೇ ಮಾಡಿದ ಖರ್ಚಿನ ರಸೀದಿಗಳನ್ನು ಲಗತ್ತಿಸಿದ್ದೇನೆ, ಒಟ್ಟು ಮೊತ್ತ ಇಷ್ಟು. ಬಳಸದ ಟಿಕೆಟ್‌ನ ಮೊತ್ತ ಇಷ್ಟು. ಎರಡನ್ನೂ 30 ದಿನಗಳೊಳಗೆ, ಟಿಕೆಟ್ ಕೊಳ್ಳಲು ಬಳಸಿದ ಖಾತೆಗೇ ಜಮಾ ಮಾಡಿ. ವೋಚರ್‌ಗೆ ನನ್ನ ಒಪ್ಪಿಗೆ ಇಲ್ಲ. ನಿರಾಕರಿಸುವುದಾದರೆ ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ತಿಳಿಸಿ.’

ಹವಾಮಾನದ ಆ ಒಂದು ವಾಕ್ಯ ಬಹಳ ಕೆಲಸ ಮಾಡುತ್ತದೆ. ಅವರ ಸಿದ್ಧ ಉತ್ತರಕ್ಕೆ ಜಾಗವೇ ಉಳಿಯುವುದಿಲ್ಲ. ಕೊನೆಯ ವಾಕ್ಯವನ್ನೂ ಬಿಡಬೇಡಿ. ಪತ್ರ ಓದುವವರ ಮೇಜಿನ ಮೇಲೆ ದಿನಕ್ಕೆ ಅಂಥ ನೂರು ಪತ್ರಗಳಿರುತ್ತವೆ. ನಿಯಮದ ಹೆಸರು ಹೇಳಿ ನಿರಾಕರಿಸಬೇಕೆಂದರೆ ಅವರು ನಿಯಮವನ್ನು ತೆರೆದು ನೋಡಬೇಕಾಗುತ್ತದೆ.

ಕಾರಣವನ್ನೇ ಪ್ರಶ್ನಿಸಬೇಕಾದ ಸಂದರ್ಭಗಳೂ ಇವೆ, ಅದಕ್ಕೆ ಹಿಂಜರಿಯಬೇಡಿ. ಅದೇ ಹೊತ್ತಿನಲ್ಲಿ ಅದೇ ನಿಲ್ದಾಣದಿಂದ ಬೇರೆ ಕಂಪನಿಗಳ ವಿಮಾನಗಳು ಹಾರಿದ್ದವೇ ಎಂಬುದನ್ನು ವಿಮಾನಗಳ ಜಾಡು ತೋರಿಸುವ ತಾಣಗಳಲ್ಲಿ ನೋಡಬಹುದು. ನಿಲ್ದಾಣಗಳು ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಹೊರಡಿಸುವ ‘ಮೆಟಾರ್’ ಎಂಬ ಹವಾಮಾನ ವರದಿಯೂ ಸಾರ್ವಜನಿಕವಾಗಿ ಸಿಗುತ್ತದೆ. ತಾಂತ್ರಿಕ ದೋಷ ಎಂದರೆ, ನಿತ್ಯದ ಕಾರ್ಯಾಚರಣೆಯಲ್ಲಿ ಬರುವ ತಾಂತ್ರಿಕ ದೋಷ ಅಸಾಧಾರಣ ಕಾರಣವಾಗುವುದಿಲ್ಲ ಎಂದು ಯುರೋಪಿನ ಅದೇ ನ್ಯಾಯಾಲಯ 2008ರಲ್ಲೇ ಹೇಳಿದೆ. ಕಂಪನಿಯ ಸ್ವಂತ ಸಿಬ್ಬಂದಿಯ ಮುಷ್ಕರದ ಬಗ್ಗೆ 2021ರಲ್ಲಿ ಹೀಗೆಯೇ ತೀರ್ಪು ಬಂದಿದೆ. ಆದರೆ ಈ ವಾದಕ್ಕೆ ಬೇರೆ ಪತ್ರ ಬರೆಯಿರಿ. ಖರ್ಚಿನ ಹಣ ಕೇಳುವ ಪತ್ರಕ್ಕೆ ಇದನ್ನು ಬೆರೆಸಿದರೆ ಮತ್ತೆ ಮೊದಲಿನ ಗಂಟೇ.

ಕಂಪನಿ ಮಣಿಯದಿದ್ದರೆ ಮುಂದಿನ ಮೆಟ್ಟಿಲುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲು ಕಂಪನಿಯ ಮೇಲಧಿಕಾರಿ, ಆಮೇಲೆ ವಾಯುಯಾನ ನಿಯಂತ್ರಕರು, ಕೊನೆಗೆ ಗ್ರಾಹಕ ನ್ಯಾಯಾಲಯ. ಭಾರತದಲ್ಲಿ ದೂರು ಸಲ್ಲಿಸಲು ಸರ್ಕಾರದ ಏರ್‌ಸೇವಾ ತಾಣವಿದೆ, ಗ್ರಾಹಕ ಆಯೋಗಗಳಿವೆ. ಅಮೆರಿಕದಲ್ಲಿ ಕಂಪನಿ ದೂರನ್ನು 30 ದಿನಗಳಲ್ಲಿ ಸ್ವೀಕರಿಸಿದ್ದೇವೆಂದು ತಿಳಿಸಿ, 60 ದಿನಗಳಲ್ಲಿ ಸರಿಯಾದ ಉತ್ತರ ಕೊಡಬೇಕು. ಕಾರ್ಡಿನಲ್ಲಿ ಹಣ ಕೊಟ್ಟು ಟಿಕೆಟ್ ಹಣ ವಾಪಸ್ ಬರದಿದ್ದರೆ, ಸೇವೆ ಸಿಕ್ಕಿಲ್ಲವೆಂದು ಬ್ಯಾಂಕಿಗೆ ವಿವಾದ ಸಲ್ಲಿಸಬಹುದು. ಬ್ಯಾಂಕಿನ ಗಡುವು ಚಿಕ್ಕದು, ತಿಂಗಳುಗಟ್ಟಲೆ ಕಾಯಬೇಡಿ. ಅಂತರರಾಷ್ಟ್ರೀಯ ಪ್ರಯಾಣದ ವಿಳಂಬದ ನಷ್ಟಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದಡಿ ದಾವೆ ಹೂಡಲು ಎರಡು ವರ್ಷ ಕಾಲಾವಕಾಶ. ಆದರೆ ಚೀಲ ತಡವಾಗಿ ಬಂದಿದ್ದರೆ ಅದು ಕೈಸೇರಿದ 21 ದಿನಗಳೊಳಗೆ, ಹಾಳಾಗಿದ್ದರೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ನಿಮ್ಮ ಪರವಾಗಿ ಹಣ ವಸೂಲು ಮಾಡುವ ಸಂಸ್ಥೆಗಳೂ ಇವೆ, ಬಂದ ಹಣದಲ್ಲಿ ದೊಡ್ಡ ಪಾಲು ಹಿಡಿದುಕೊಳ್ಳುತ್ತವೆ. ಅರ್ಧ ಪುಟ ಬರೆಯಬಲ್ಲವರಿಗೆ ಅವುಗಳ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಎರಡನೆಯ ಪತ್ರಕ್ಕೆ ಮೂರು ವಾರದಲ್ಲಿ ಪೂರ್ತಿ ಹಣ ಬಂತು. ಆದರೆ ಆ ಅಜ್ಜಿಯ ಪರವಾಗಿ ನಾನು ಏನೂ ಕೇಳಲಾಗಲಿಲ್ಲ. ಟಿಕೆಟ್ ಅವರದು, ದೂರು ಅವರಿಂದಲೋ ಅವರ ಒಪ್ಪಿಗೆಯಿಂದಲೋ ಹೋಗಬೇಕು. ಗಾಲಿಕುರ್ಚಿಯ ನೆರವು ಬೇಕೆಂದು ಮೊದಲೇ ತಿಳಿಸಿದ್ದವರನ್ನು ನಾಲ್ಕು ಗಂಟೆ ಗೋಡೆಯ ಪಕ್ಕ ಬಿಟ್ಟದ್ದು ಅಂದಿನ ಎಲ್ಲ ಲೋಪಗಳಲ್ಲಿ ದೊಡ್ಡದು, ನನ್ನ ಊಟದ ರಸೀದಿಗಿಂತ ಎಷ್ಟೋ ದೊಡ್ಡದು. ಮುಂದೆ ನೀವು ಅಂಥ ಸಾಲಿನಲ್ಲಿ ನಿಂತಾಗ ಪಕ್ಕದಲ್ಲಿ ಹೀಗೆ ಯಾರಾದರೂ ಇದ್ದರೆ ಅವರನ್ನು ಕೇಳಿ, ಅವರ ಪಿಎನ್‌ಆರ್ ಬರೆದುಕೊಳ್ಳಿ, ಮನೆಯವರ ನಂಬರ್ ತೆಗೆದುಕೊಂಡು ನಿಮ್ಮ ಬಳಿಯಿರುವ ಫೋಟೊಗಳನ್ನು ಅಲ್ಲಿಂದಲೇ ಕಳಿಸಿ. ನಾನು ಅಂದು ತೆಗೆದ ಚಿತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ. ಗೋಡೆ, ಕುರ್ಚಿ, ಮಡಿಲಲ್ಲಿ ಕೈಯಿಟ್ಟು ಕುಳಿತ ಅಜ್ಜಿ, ಮೇಲಿನ ಗಡಿಯಾರದಲ್ಲಿ ಹನ್ನೆರಡು ಹತ್ತು. ಅದನ್ನು ಯಾರಿಗೆ ಕಳಿಸಬೇಕೆಂದು ನಾನು ಅಂದು ಕೇಳಿಕೊಳ್ಳಲಿಲ್ಲ.