ಉಪ್ಪೋ, ಸಪ್ಪೆಯೋ?

ಕೇಳುಗರಿಗೆಲ್ಲ ನಮಸ್ಕಾರ. ಚಿತ್ರದುರ್ಗದವನು ಸಮುದ್ರದ ಮಾತಾಡ್ತಾನಲ್ಲ ಅಂತ ನಿಮಗೆ ಅನಿಸಬಹುದು. ನಾನು ಬೆಳೆದದ್ದು ಕೋಟೆ ಕೆಳಗಿನ ಓಣಿಯಲ್ಲಿ. ನಲ್ಲಿ ಬಂದ ದಿನ ಕೊಡ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿಡುತ್ತಿದ್ದ ಮನೆ ನಮ್ಮದು. ಅಂಥವನು ಒಂದು ಚಳಿಗಾಲ ಗೆಳೆಯನ ಹಾಯಿದೋಣಿಯಲ್ಲಿ ಗೋವಾದಿಂದ ಕೊಚ್ಚಿಗೆ ಹೋದೆ. ಎರಡು ತಿಂಗಳು ಅದೇ ಮನೆ. 36 ಅಡಿ ಉದ್ದ, ಮೂರು ಜನ, 300 ಲೀಟರ್ ಸಿಹಿನೀರು.

ಬೆಳಿಗ್ಗೆ ಟೀಗಿಂತ ಮೊದಲು ಕಾಲ ಕೆಳಗಿನ ಹಲಗೆ ಎತ್ತಬೇಕು. ದೋಣಿಯ ತಳದಲ್ಲಿ ಒಂದು ಗುಂಡಿ, ಅದಕ್ಕೆ ಬಿಲ್ಜ್ ಅಂತಾರೆ. ಎಲ್ಲಿ ಸೋರಿದರೂ ನೀರು ಅಲ್ಲಿಗೇ ಇಳಿಯುತ್ತದೆ. ನಿನ್ನೆಗಿಂತ ಜಾಸ್ತಿ ಕಂಡರೆ ಬೆರಳು ಅದ್ದಿ ನಾಲಿಗೆಗೆ ತಾಗಿಸಿ ನೋಡುತ್ತಿದ್ದೆವು. ಉಪ್ಪಾಗಿದ್ದರೆ ಸಮುದ್ರ ಒಳಗೆ ಬರ್ತಿದೆ. ಸಪ್ಪೆಯಾಗಿದ್ದರೆ ಕುಡಿಯುವ ನೀರು ಸೋರ್ತಿದೆ. ಎಣ್ಣೆ ತೇಲುತ್ತಿದ್ದರೆ ನಾಲಿಗೆ ಬೇಡ, ನೇರ ಎಂಜಿನ್ ನೋಡಬೇಕು.

ಮೂಗಿಗೂ ಕೆಲಸವಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ದೋಣಿಯಲ್ಲಿ ಸೋರಿದರೆ ಬಟ್ಟಲಲ್ಲಿ ನಿಂತ ಹಾಗೆ ತಳದಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು. ಹಾಗಾಗಿ ಒಲೆ ಆರಿಸಿದಾಗಲೆಲ್ಲ ಸಿಲಿಂಡರನ್ನೂ ಬಂದ್ ಮಾಡಬೇಕು. ಸುಸ್ತಾದ ರಾತ್ರಿಯೂ ಬಿಡುವಂತಿಲ್ಲ.

ಪಾತ್ರೆ ತೊಳೆಯೋದು ಸಮುದ್ರದ ನೀರಲ್ಲಿ. ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಜಾಲಿಸಿದರೆ ಆಯ್ತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದು. ಬಟ್ಟೆಯಲ್ಲಿ ಉಳಿದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎಷ್ಟು ಒಣಹಾಕಿದರೂ ಮೈಗೆ ಅಂಟುತ್ತದೆ. ಸ್ನಾನಕ್ಕೆ ನನಗೆ ಎರಡು ತಂಬಿಗೆ ಸಾಕಾಗುತ್ತಿತ್ತು. "ಎಲ್ಲಿ ಕಲಿತೆಯೋ ಇದನ್ನ?" ಅಂತ ಗೆಳೆಯ ಕೇಳಿದ. 1933ರಲ್ಲಿ ಕೋಡಿ ಬಿದ್ದ ನಮ್ಮ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಜಿಲ್ಲೆಯ ಮಕ್ಕಳಿಗೆ ಇದನ್ನು ಬೇರೆ ಕಲಿಸಬೇಕೇ?

ಆದರೆ ರಿಪೇರಿ ಅಲ್ಲೇ ಕಲಿತೆ. 2017-18ರಲ್ಲಿ ನಮ್ಮ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರಲ್ಲ, ನಡುಗಡಲಲ್ಲಿ ಅವರಿಗೆ ಯಾವ ಮೆಕ್ಯಾನಿಕ್ ಸಿಗಬೇಕು? ಅವರ ಬಗ್ಗೆ ನನಗಿರುವ ಗೌರವ ಕಾರವಾರದ ಹತ್ತಿರ ಒಂದು ಬೆಳಿಗ್ಗೆ ಇನ್ನೂ ಹೆಚ್ಚಾಯಿತು.

ಎಂಜಿನ್ ಶುರು ಮಾಡಿದ ಕೂಡಲೇ ಹಿಂದಿನ ಕೊಳವೆಯಿಂದ ಹೊಗೆಯ ಜೊತೆ ನೀರೂ ಉಗುಳಬೇಕು. ಅವತ್ತು ಬರೀ ಹೊಗೆ. ತಕ್ಷಣ ಆಫ್ ಮಾಡಿದೆವು. ಎಂಜಿನ್ ತಣ್ಣಗಿಡಲು ಸಮುದ್ರದ ನೀರು ಎಳೆಯುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ರಬ್ಬರ್ ಚಕ್ರ. ಇಂಪೆಲ್ಲರ್ ಅಂತ ಹೆಸರು, ಹೂವಿನ ಎಸಳಿನ ಹಾಗೆ ಆರು ರೆಕ್ಕೆ. ನೀರು ಒಳಬರುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತು. ನೀರಿಲ್ಲದೆ ತಿರುಗಿ ಚಕ್ರದ ಎರಡು ರೆಕ್ಕೆ ಕಿತ್ತುಹೋಗಿದ್ದವು.

ಹೊಸ ಚಕ್ರ ನಮ್ಮ ಹತ್ತಿರ ಇತ್ತು. ಹಾಕೋಣ ಅಂತ ಕೈ ಚಾಚಿದೆ. ಗೆಳೆಯ ತಡೆದ. "ಆ ಎರಡು ಚೂರು ಎಲ್ಲಿ? ಮೊದಲು ಅದನ್ನ ಹುಡುಕು." ಅವು ಮುಂದೆ ಕೊಳವೆಯಲ್ಲಿ ಕೂತರೆ ನೀರು ಮತ್ತೆ ಕಟ್ಟಿಕೊಳ್ಳುತ್ತದೆ, ಎಂಜಿನ್ ಕಾದು ಹಾಳಾಗುತ್ತದೆ. ಒಂದು ಪಂಪಿನ ಬಾಯಲ್ಲೇ ಸಿಕ್ಕಿತು. ಇನ್ನೊಂದಕ್ಕೆ ಒಂದೊಂದೇ ಕೊಳವೆ ಬಿಚ್ಚಿ, ಟಾರ್ಚ್ ಬಿಟ್ಟು, ಬಗ್ಗಿಸಿದ ತಂತಿಯಲ್ಲಿ ಕೆದಕಿ ಮೂರು ಗಂಟೆ ಕಳೆಯಿತು. ಕೊನೆಗೂ ಅರ್ಧ ಅಡಿಕೆಯಷ್ಟು ಕಪ್ಪು ಚೂರು ಹೊರಗೆ ಬಂತು. ಹಳೆಯ ಚಕ್ರಕ್ಕೆ ಎರಡನ್ನೂ ಜೋಡಿಸಿ ನೋಡಿದೆವು. ಆರೂ ರೆಕ್ಕೆ ಸರಿಹೋದವು. ಆಮೇಲೆಯೇ ಮುಚ್ಚಳ ಹಾಕಿದ್ದು.

ಎಂಜಿನ್ ಒದರಿತು. ನಾನು ಹಿಂಬದಿಗೆ ಬಗ್ಗಿ ನೋಡುತ್ತಿದ್ದೆ. ಮೊದಲು ಹೊಗೆ ಬಂತು, ಆಮೇಲೆ ಪಚ್ ಪಚ್ ಅಂತ ನೀರು.

ನಮಸ್ಕಾರ.