ಮೊದಲು ಲೆಕ್ಕ, ಆಮೇಲೆ ಲೈಸೆನ್ಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕರಡಿ ಬೇಟೆಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತದಂತೆ, ಹೌದಾ ಎಂದು ನನ್ನನ್ನು ತುಂಬಾ ಜನ ಕೇಳುತ್ತಾರೆ. ಮಕ್ಕಳು ಅಲ್ಲಿರುವ ಅಪ್ಪ ಅಮ್ಮಂದಿರಂತೂ ಆಶ್ಚರ್ಯದಿಂದ ಕೇಳುತ್ತಾರೆ. ಹೌದು, ಕೊಡುತ್ತದೆ. ಅಲ್ಲಿನ ಕಪ್ಪು ಕರಡಿಯ ಬೇಟೆ ಹಲವು ರಾಜ್ಯಗಳಲ್ಲಿ ಕಾನೂನಿಗೆ ಒಳಪಟ್ಟೇ ನಡೆಯುತ್ತದೆ. ಇಡೀ ದೇಶಕ್ಕೆ ಒಂದೇ ನಿಯಮ ಅಂತಿಲ್ಲ. ಆಯಾ ರಾಜ್ಯದ ವನ್ಯಜೀವಿ ಇಲಾಖೆ ತನ್ನ ನಿಯಮ ತಾನೇ ಮಾಡಿಕೊಳ್ಳುತ್ತದೆ. ಆದರೆ ಎಲ್ಲ ಕಡೆಗೂ ಸಲ್ಲುವ ಮಾತು ಒಂದೇ. ಮೊದಲು ಕರಡಿಗಳ ಲೆಕ್ಕ, ಆಮೇಲೆ ಲೈಸೆನ್ಸ್. ಇವತ್ತು ಬೇರೆ ಏನು ಮರೆತರೂ ಇದೊಂದನ್ನು ನೆನಪಿಡಿ.

ಇದು ತಪ್ಪಿದರೆ ಏನಾಗುತ್ತದೆ? ಫ್ಲೋರಿಡಾದ ಕಥೆ ಕೇಳಿ. ಸ್ವಲ್ಪ ಉದ್ದವಾದರೂ ಪೂರ್ತಿ ಹೇಳಲೇಬೇಕು.

ಫ್ಲೋರಿಡಾದಲ್ಲಿ ಒಂದು ಕಾಲಕ್ಕೆ ಕರಡಿ ಬಹಳ ಕಡಿಮೆಯಾಗಿತ್ತು. 1994ರಲ್ಲಿ ರಾಜ್ಯದ ತುಂಬ ಬೇಟೆ ನಿಲ್ಲಿಸಿದರು. ಕರಡಿಗಳು ನಿಧಾನವಾಗಿ ಹೆಚ್ಚಿದವು. ಮನೆ ಹಿಂದಿನ ಕಸದ ಡಬ್ಬಿಗೂ ಬರತೊಡಗಿದವು. ಇಪ್ಪತ್ತು ವರ್ಷ ದಾಟಿದ ಮೇಲೆ, 2015ರ ಅಕ್ಟೋಬರಿನಲ್ಲಿ ಮತ್ತೆ ಬೇಟೆಗೆ ಅವಕಾಶ ಕೊಟ್ಟರು. ರಾಜ್ಯದ ನಾಲ್ಕು ವಲಯಗಳಲ್ಲಿ ಮಾತ್ರ ಬೇಟೆ ಎಂದರು. ಎಲ್ಲ ಸೇರಿ 320 ಕರಡಿ ಎಂದು ಮಿತಿ ಹಾಕಿದರು. ಇಲ್ಲಿಯವರೆಗೆ ಸರಿ, ಅಲ್ವಾ? ಆದರೆ ಲೈಸೆನ್ಸಿಗೆ ಮಿತಿ ಹಾಕಲಿಲ್ಲ. ಸ್ಥಳೀಯರಿಗೆ 100 ಡಾಲರ್, ಹೊರ ರಾಜ್ಯದವರಿಗೆ 300 ಡಾಲರ್. ದುಡ್ಡು ಕಟ್ಟಿದವರಿಗೆಲ್ಲ ಪರ್ಮಿಟ್ ಸಿಕ್ಕಿತು. ಒಟ್ಟು 3,778 ಪರ್ಮಿಟ್ ಹೋದವು. 320 ಎಲೆಗೆ ಅಡುಗೆ ಮಾಡಿ 3,778 ಮದುವೆ ಕಾರ್ಡ್ ಹಂಚಿದ ಹಾಗಾಯಿತು.

ಬೇಟೆ ಒಂದು ವಾರದವರೆಗೂ ನಡೆಯಬಹುದಿತ್ತು. ಮಿತಿ ಮುಟ್ಟಿದ ಕೂಡಲೇ ನಿಲ್ಲಿಸಿದರಾಯಿತು ಎಂದು ಅಧಿಕಾರಿಗಳು ಅಂದುಕೊಂಡಿದ್ದರು. ಆದರೆ ಬೇಟೆಗಾರರೆಲ್ಲ ಒಂದೇ ಬೆಳಿಗ್ಗೆ ಕಾಡಿಗೆ ಇಳಿದರು. ಕೊಂದ ಕರಡಿಯನ್ನು ತಪಾಸಣಾ ಕೇಂದ್ರಕ್ಕೆ ತರಲು 12 ಗಂಟೆ ಸಮಯ ಇತ್ತು. ಕರಡಿ ಕೇಂದ್ರಕ್ಕೆ ಬರುವ ತನಕ ಲೆಕ್ಕ ಯಾರಿಗೆ ಗೊತ್ತಾಗಬೇಕು? ಮೊದಲ ದಿನ ಸಂಜೆಯೇ ಎರಡು ವಲಯಗಳಲ್ಲಿ ಬೇಟೆ ನಿಲ್ಲಿಸಬೇಕಾಯಿತು. ಎರಡನೇ ದಿನ ಇಡೀ ರಾಜ್ಯದಲ್ಲಿ ನಿಲ್ಲಿಸಿದರು. ಎರಡು ದಿನಕ್ಕೆ 304 ಕರಡಿ.

"320ರ ಒಳಗೇ ಇದೆಯಲ್ಲ ಸಾರ್" ಎಂದು ಕೆಲವರು ನನಗೆ ಹೇಳುತ್ತಾರೆ. ಇದನ್ನು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ವಲಯವಾರು ನೋಡಿ. ಪೂರ್ವ ಪ್ಯಾನ್‌ಹ್ಯಾಂಡಲ್ ಎಂಬ ವಲಯದಲ್ಲಿ ಮಿತಿ 40 ಇತ್ತು. ಸತ್ತಿದ್ದು 114! ದಕ್ಷಿಣದ ವಲಯದಲ್ಲಿ 80ಕ್ಕೆ ಅವಕಾಶವಿತ್ತು, ಸತ್ತಿದ್ದು 23. ದಕ್ಷಿಣದಲ್ಲಿ ಕರಡಿ ಉಳಿಯಿತು ಅಂದರೆ ಪ್ಯಾನ್‌ಹ್ಯಾಂಡಲ್ ಕಾಡಿನ ನಷ್ಟ ತುಂಬುತ್ತದೆಯೇ? ಸತ್ತವುಗಳಲ್ಲಿ ಹಾಲೂಡಿಸುತ್ತಿದ್ದ ತಾಯಿ ಕರಡಿಗಳೂ ಇದ್ದವು. ಜನ ಸಿಟ್ಟಾದರು. ಮರುವರ್ಷ ಬೇಟೆಯೇ ಬೇಡವೆಂದು ತೀರ್ಮಾನವಾಯಿತು.

ಅಲ್ಲಿಂದ ಹತ್ತು ವರ್ಷದ ಮೇಲೆ, 2025ರ ಡಿಸೆಂಬರಿನಲ್ಲಿ, ಫ್ಲೋರಿಡಾ ಮತ್ತೆ ಬೇಟೆಗೆ ಅನುಮತಿ ಕೊಟ್ಟಿತು. ಈ ಸಲ 172 ಪರ್ಮಿಟ್ ಮಾತ್ರ. ಒಂದು ಪರ್ಮಿಟ್‌ಗೆ ಒಂದೇ ಕರಡಿ. ಅರ್ಜಿಗೆ 5 ಡಾಲರ್, ಆಯ್ಕೆ ಲಾಟರಿಯಲ್ಲಿ. 1 ಲಕ್ಷ 60 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಕರಡಿ ಉಳಿಸಬೇಕೆಂಬ ಜನರೂ ಅರ್ಜಿ ಹಾಕಿದರು, ಪರ್ಮಿಟ್ ಸಿಕ್ಕರೆ ಬಳಸದೆ ಇಟ್ಟುಕೊಳ್ಳೋಣ ಅಂತ! ಬೇಟೆ ಬೇಕಿತ್ತೋ ಬೇಡವೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಆದರೆ ನಿಯಮ ಸರಿದಾರಿಗೆ ಬಂತು. ಎಲ್ಲರೂ ಬೇಟೆಯಲ್ಲಿ ಗೆದ್ದರೂ 172ರ ಮೇಲೆ ಹೋಗುವ ಹಾಗಿಲ್ಲ. ಮೊದಲು ಲೆಕ್ಕ, ಆಮೇಲೆ ಲೈಸೆನ್ಸ್ ಎಂದರೆ ಇದೇ.

ಸಮಯ ಓಡುತ್ತಿದೆ. ಪೆನ್ಸಿಲ್ವೇನಿಯಾದ ಪದ್ಧತಿಯನ್ನು ಬೇಗ ಹೇಳಿಬಿಡುತ್ತೇನೆ. ಅಲ್ಲಿ ಸಾಮಾನ್ಯ ಬೇಟೆ ಲೈಸೆನ್ಸ್ ಸಾಲದು, ಕರಡಿಗೆ ಬೇರೆಯೇ ಲೈಸೆನ್ಸ್ ಬೇಕು. ವರ್ಷಕ್ಕೆ ಒಬ್ಬರಿಗೆ ಒಂದೇ ಕರಡಿ. ತಿಂಡಿ ಇಟ್ಟು ಆಸೆ ತೋರಿಸಿ ಕರೆಸುವಂತಿಲ್ಲ. ಗುಹೆಯಲ್ಲಿ ಮಲಗಿದ್ದಾಗ ಹೊಡೆಯುವಂತಿಲ್ಲ. ಕೊಂದ ಕರಡಿಯನ್ನು 24 ಗಂಟೆಯೊಳಗೆ ತಪಾಸಣಾ ಕೇಂದ್ರಕ್ಕೆ ತರಬೇಕು. ಅಲ್ಲಿ ತೂಕ ನೋಡುತ್ತಾರೆ. ಒಂದು ಸಣ್ಣ ಹಲ್ಲು ಕಿತ್ತುಕೊಳ್ಳುತ್ತಾರೆ. ಮರದ ಕಾಂಡದಂತೆ ಆ ಹಲ್ಲಿನಲ್ಲೂ ವರ್ಷಕ್ಕೊಂದು ಉಂಗುರ ಇರುತ್ತದೆ, ಎಣಿಸಿದರೆ ವಯಸ್ಸು ಸಿಗುತ್ತದೆ. ನನಗೆ ಈ ಹಲ್ಲಿನ ಕೆಲಸ ತುಂಬಾ ಇಷ್ಟ. ಮುಂದಿನ ವರ್ಷ ಬೇಟೆಗೆ ಎಷ್ಟು ದಿನ ಕೊಡಬೇಕು ಎಂದು ತೀರ್ಮಾನಿಸಲು ಇಂಥ ಮಾಹಿತಿಯೇ ಬೇಕು.

ಇನ್ನು ನಮ್ಮ ಕರ್ನಾಟಕ. ಇಲ್ಲಿರುವುದು ಆ ಕಪ್ಪು ಕರಡಿಯಲ್ಲ, ಗೆದ್ದಲು ತಿನ್ನುವ, ಜೋಲು ಕೂದಲಿನ ನಮ್ಮ ಕರಡಿ. ಇದರ ಬೇಟೆಗೆ ಯಾವ ಲೈಸೆನ್ಸೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಮೊದಲ ಪಟ್ಟಿಯ ಪ್ರಾಣಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಜನರ ಜೀವಕ್ಕೆ ಅಪಾಯವಾದಾಗ, ಇಲ್ಲವೇ ವಾಸಿಯಾಗದ ಗಾಯ ಅಥವಾ ಕಾಯಿಲೆ ಇದ್ದಾಗ, ಮುಖ್ಯ ವನ್ಯಜೀವಿ ಪಾಲಕರು ಮಾತ್ರ ಬರವಣಿಗೆಯಲ್ಲಿ ಆದೇಶ ಕೊಡಬಹುದು. ಬೆಳೆ ರಕ್ಷಣೆಗೆಂದು ಕೋವಿಗೆ ಲೈಸೆನ್ಸ್ ಪಡೆದ ರೈತರೇ, ಆ ಲೈಸೆನ್ಸ್ ಕೋವಿಗೆ ಮಾತ್ರ. ಕೊಡಗಿನಲ್ಲಿ ಕೋವಿಗೆ ಇರುವ ವಿನಾಯಿತಿಯೂ ಅಷ್ಟೇ, ಅದು ಕೋವಿ ಇಟ್ಟುಕೊಳ್ಳಲು. ದರೋಜಿ ಸುತ್ತಮುತ್ತ ಇರಲಿ, ತುಮಕೂರು ಕಡೆ ಇರಲಿ, ಹೊಲಕ್ಕೆ ಕರಡಿ ಬಂದರೆ ಗುಂಪು ಕಟ್ಟಿಕೊಂಡು ಹತ್ತಿರ ಹೋಗಬೇಡಿ. ಅದು ಹೋಗಲು ದಾರಿ ಬಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಮಸ್ಕಾರ.