ಇಬ್ಬರು ಹೆಂಡ್ರಿಕರು: ಇರಾಕ್ವಾ ವಂಶಾವಳಿ ಹುಡುಕುವ ಬಗೆ

ಮಾನ್ಯರೆ,

ಹೆಂಡ್ರಿಕ್ ಎಂಬ ಮೊಹಾಕ್ (ಉತ್ತರ ಅಮೆರಿಕದ ಮೂಲನಿವಾಸಿಗಳ ಇರಾಕ್ವಾ ಒಕ್ಕೂಟದ ಒಂದು ಜನಾಂಗ) ಮುಖಂಡನ ಕತೆಯನ್ನು ಚರಿತ್ರೆಕಾರರು ಬಹುಕಾಲ ಹೀಗೆ ಹೇಳಿಕೊಂಡು ಬಂದರು: 1690ರಲ್ಲಿ ಡಚ್ ಪಾದ್ರಿ ಡೆಲಿಯಸ್ ಕೈಯಲ್ಲಿ ದೀಕ್ಷಾಸ್ನಾನ ಪಡೆದ, 1710ರಲ್ಲಿ ಲಂಡನ್ನಿಗೆ ಹೋಗಿ ಆನ್ ರಾಣಿಯನ್ನು ಕಂಡ, 1755ರ ಸೆಪ್ಟೆಂಬರ್ 8ರಂದು ಲೇಕ್ ಜಾರ್ಜ್ ಕಾಳಗದಲ್ಲಿ ಬ್ರಿಟಿಷರ ಪರವಾಗಿ ಹೋರಾಡುತ್ತ ಮಡಿದ. ದೀಕ್ಷೆ ಪಡೆದಾಗಲೇ ಪ್ರಾಯಕ್ಕೆ ಬಂದಿದ್ದವನು, ಕುದುರೆಯೇರಿ ಈ ಕಾಳಗಕ್ಕೆ ಹೊರಟಾಗ ಎಂಬತ್ತು ದಾಟಿರಬೇಕು! ಅನುಮಾನ ಬರಬೇಕಾದದ್ದೇ ಇಲ್ಲಿ.

ಇರಾಕ್ವಾ ಒಕ್ಕೂಟದವರು ತಮ್ಮನ್ನು ಕರೆದುಕೊಳ್ಳುವುದು ಹೋಡೆನೊಶೋನಿ ಎಂದು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ ಐದು ಜನಾಂಗಗಳು. 1722ರ ಸುಮಾರಿಗೆ ಟಸ್ಕರೋರರು ಸೇರಿ ಆರಾದವು. ಮಕ್ಕಳದು ತಾಯಿಯ ಬಳಿ, ಅಂದರೆ ತಾಯಿಯ ಕುಲ. ಅಳಿಯಸಂತಾನದ ಮನೆಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಹಾಕರಲ್ಲಿ ಬಳಿಗಳು ಮೂರೇ: ಕರಡಿ, ತೋಳ, ಆಮೆ. ಲಂಡನ್ನಿಗೆ ಹೋದ ಹೆಂಡ್ರಿಕ್ ಟೆಜೊನಿಹೊಕರಾವ ತೋಳದ ಬಳಿಯವನು. ಅಲ್ಲಿ ಜಾನ್ ವೆರೆಲ್ಸ್ಟ್ ಬರೆದ ಚಿತ್ರದಲ್ಲಿ ಅವನ ಕೈಯಲ್ಲಿ ವಾಂಪಮ್ ಮಣಿಪಟ್ಟಿ ಇದೆ, ಪಕ್ಕದಲ್ಲಿ ತೋಳವೂ ಇದೆ. ಲೇಕ್ ಜಾರ್ಜ್‌ನಲ್ಲಿ ಸತ್ತ ಹೆಂಡ್ರಿಕ್ ಥೆಯನೊಗ್ವಿನ್ ಮಾತ್ರ ಕರಡಿಯ ಬಳಿಯವನು. ಒಬ್ಬನಿಗೆ ಎರಡು ತಾಯಿಬಳಿ ಇರುವುದು ಹೇಗೆ? 1996ರಲ್ಲಿ ಬಾರ್ಬರಾ ಸಿವರ್ಟ್‌ಸೆನ್ ಚರ್ಚುಗಳ ರಿಜಿಸ್ಟರು ಹಿಡಿದು ಮೊಹಾಕ್ ಮನೆತನಗಳನ್ನು ಒಂದೊಂದಾಗಿ ಜೋಡಿಸಿದರು, ಹೆಂಡ್ರಿಕ್ ಇಬ್ಬರಾದ.

ಗೊಂದಲಕ್ಕೆ ಕಾರಣ ಪಾದ್ರಿಗಳಷ್ಟೇ ಅಲ್ಲ. ಅವರು ಹೆಂಡ್ರಿಕ್, ಕಾರ್ನೇಲಿಯಸ್, ರೆಬೆಕಾ ಎಂದು ಅವೇ ಹೆಸರುಗಳನ್ನು ಇಟ್ಟದ್ದು ನಿಜ. ಆದರೆ ಮೂಲ ಹೆಸರುಗಳೂ ಬಳಿಯ ಆಸ್ತಿ. ಸತ್ತ ಮುಖಂಡನ ಪದವಿಯ ಹೆಸರು ಅವನ ಜಾಗಕ್ಕೆ ಬಂದವನಿಗೆ ದಾಟುತ್ತದೆ. ಹಾಗಾಗಿ ನೂರು ವರ್ಷದ ಅಂತರದ ಎರಡು ಕಾಗದಗಳಲ್ಲಿ ಒಂದೇ ಹೆಸರು ಕಂಡರೆ ಖುಷಿಪಡಬೇಡಿ. ರಿಜಿಸ್ಟರಿನಲ್ಲಿ ತಾಯಿಯ ಹೆಸರನ್ನು, ಸಾಕ್ಷಿ ನಿಂತವರ ಹೆಸರನ್ನು ಮೊದಲು ಬರೆದುಕೊಳ್ಳಿ. ಜಮೀನಿನ ಕ್ರಯಪತ್ರ ಸಿಕ್ಕರೆ ಕೊನೆಯ ಪುಟಕ್ಕೆ ಹೋಗಿ: ರುಜುವಿನ ಬದಲು ಎಷ್ಟೋ ಮಂದಿ ತಮ್ಮ ಬಳಿಯ ಪ್ರಾಣಿಯನ್ನೇ ಗೀಚಿರುತ್ತಾರೆ. ಗುಮಾಸ್ತನ ಕಾಗುಣಿತಕ್ಕಿಂತ ಆ ಗೀಚನ್ನು ನಾನು ಹೆಚ್ಚು ನಂಬುತ್ತೇನೆ.

ಇರಾಕ್ವಾ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಸರ್ ವಿಲಿಯಂ ಜಾನ್ಸನ್ ಪತ್ರಗಳೂ ದೊಡ್ಡ ಗಣಿಯೇ. ಆದರೆ ಅವುಗಳಲ್ಲಿ ಬಹಳಷ್ಟನ್ನು 1911ರಲ್ಲಿ ಆಲ್ಬನಿಯ ನ್ಯೂಯಾರ್ಕ್ ರಾಜ್ಯ ಗ್ರಂಥಾಲಯಕ್ಕೆ ಬಿದ್ದ ಬೆಂಕಿ ನುಂಗಿತು.

ಅಮೆರಿಕದ ಕ್ರಾಂತಿಯ ನಂತರ, 1784ರಲ್ಲಿ, ಮೊಹಾಕ್ ಮುಖಂಡ ಜೋಸೆಫ್ ಬ್ರಾಂಟ್ ಜೊತೆ ಹಲವರಿಗೆ ಕೆನಡಾದ ಗ್ರ್ಯಾಂಡ್ ರಿವರ್ ದಂಡೆಯಲ್ಲಿ ನೆಲ ಸಿಕ್ಕಿತು. ಅಲ್ಲಿಂದ ಮುಂದಿನ ತೊಡಕು ಬೇರೆ. ಮೂಲನಿವಾಸಿಗಳಿಗೆ (‘ಇಂಡಿಯನ್’ನರಿಗೆ) ಸಂಬಂಧಿಸಿದ ಕೆನಡಾದ 1876ರ ಇಂಡಿಯನ್ ಕಾಯಿದೆ ವಂಶವನ್ನು ಎಣಿಸಿದ್ದು ಗಂಡಿನ ಕಡೆಯಿಂದ. ಹೊರಗಿನವನನ್ನು ಮದುವೆಯಾದ ಹೆಣ್ಣು ಸರ್ಕಾರದ ಲೆಕ್ಕದಲ್ಲಿ ಇಂಡಿಯನ್ ಅಲ್ಲ. ಅವಳ ಮಕ್ಕಳೂ ಅಲ್ಲ. ಮನೆಯವರ ಲೆಕ್ಕದಲ್ಲಿ ಬಳಿ ಮುಂದುವರಿಯುವುದೇ ಅವಳಿಂದ! 1985ರ ತಿದ್ದುಪಡಿಯವರೆಗೆ ಇದೇ ನಡೆಯಿತು. ಆದ್ದರಿಂದ ಸರ್ಕಾರಿ ಪಟ್ಟಿಯಲ್ಲಿ ಇಪ್ಪತ್ತರ ಪ್ರಾಯದ ಹೆಣ್ಣುಮಗಳ ಹೆಸರು ಇದ್ದಕ್ಕಿದ್ದಂತೆ ಕಾಣೆಯಾದರೆ, ಸತ್ತಳೆಂದು ಬರೆದುಕೊಳ್ಳುವ ಮೊದಲು ಮದುವೆಯ ರಿಜಿಸ್ಟರು ತೆಗೆದು ನೋಡಿ.